ಉಪ್ಪಿಗೂ ಒಂದು ಗೆರೆಯುಂಟು

ಆಷಾಢದಲ್ಲಿ ಜಡಿಮಳೆ ಹಿಡಿದ ದಿನಗಳಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯೊಂದರ ಅಡುಗೆಮನೆಗೆ ಹೋಗಿ ನೋಡಿ. ಉಪ್ಪಿನ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಮೇಲಿನ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿರುತ್ತವೆ. ಅದೇ ಉಪ್ಪನ್ನು ಬೇಸಿಗೆಯಲ್ಲಿ ಜಗಳೂರಿಗೆ ಒಯ್ದರೆ ಹರಳು ಹರಳಾಗಿ ಬಿಡಿಯಾಗಿ ಉಳಿಯುತ್ತದೆ. ಎರಡೂ ಒಂದೇ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ಒಂದು ಮಲೆನಾಡಿನ ಅಂಚಿಗೆ ತಾಗಿಕೊಂಡಿದ್ದರೆ ಇನ್ನೊಂದು ಅಪ್ಪಟ ಬಯಲುಸೀಮೆ. 1997ರ ಆಗಸ್ಟ್ 15ರಂದು ಈ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆಡಳಿತ ಒಂದಾದರೂ ಹವೆ ಒಂದಾಗಲಿಲ್ಲ. ಅದನ್ನು ಉಪ್ಪಿನ ಭರಣಿಯೇ ಸಾರಿ ಹೇಳುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಗಾದೆ. ಆದರೆ ಉಪ್ಪು ತಾನೇ ನೀರು ಕುಡಿಯುತ್ತದೆ ಎಂಬುದು ಗಾದೆಗಿಂತ ಹಳೆಯ ಸತ್ಯ. ಉಪ್ಪು ಒದ್ದೆಯಾದರೆ ಮಳೆ ಹತ್ತಿರ ಬಂತೆಂದು ಹಳಬರು ಹೇಳುವುದುಂಟು. ಇದು ಬರೀ ನಂಬಿಕೆಯಲ್ಲ. ಗಾಳಿಯ ತೇವ ಒಂದು ನಿಶ್ಚಿತ ಗೆರೆಯನ್ನು ದಾಟಿದಾಗ ಮಾತ್ರ ಉಪ್ಪು ಕರಗತೊಡಗುತ್ತದೆ. ಗೆರೆಯ ಕೆಳಗಿದ್ದರೆ ಅದು ಒಣಗಿಯೇ ಇರುತ್ತದೆ. ಈ ಗೆರೆ ಎಲ್ಲಿದೆ, ಅದನ್ನು ಮನುಷ್ಯ ಹೇಗೆ ಕಂಡುಕೊಂಡ, ಕೊನೆಗೆ ಅದನ್ನೇ ಪೆಟ್ಟಿಗೆಯೊಳಗಿನ ಹವೆಯನ್ನು ಕಾಯುವ ಕೆಲಸಕ್ಕೆ ಹೇಗೆ ಹಚ್ಚಿದ ಎಂಬುದು ಸ್ವಾರಸ್ಯದ ಕಥೆ. ನಮ್ಮ ಮನೆಗಳ ಅಟ್ಟದ ಮೇಲಿರುವ ತಾಳೆಗರಿ ಕಟ್ಟುಗಳ ಅಳಿವು ಉಳಿವು ಕೂಡ ಈ ಕಥೆಗೆ ಸೇರಿದೆ.

ನೂರಕ್ಕೆ ಎಪ್ಪತ್ತೈದು

ಗಾಳಿಯಲ್ಲಿ ಸದಾ ಒಂದಷ್ಟು ನೀರಿನ ಆವಿ ಇರುತ್ತದೆ. ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಗಾಳಿ ಗರಿಷ್ಠ ಎಷ್ಟು ಆವಿಯನ್ನು ಹಿಡಿದಿಡಬಲ್ಲುದೋ ಅದನ್ನು 100 ಎಂದಿಟ್ಟುಕೊಂಡರೆ, ಈಗ ಅದರಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕವೇ ಸಾಪೇಕ್ಷ ಆರ್ದ್ರತೆ. ಮಳೆಗಾಲದ ಮುಂಜಾನೆ ಅದು 90 ದಾಟಬಹುದು. ಬೇಸಿಗೆಯ ಮಧ್ಯಾಹ್ನ ಬಯಲುಸೀಮೆಯಲ್ಲಿ 30ಕ್ಕಿಂತ ಕೆಳಗಿಳಿಯಬಹುದು. ಇದನ್ನು ಅಳೆಯಲು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಬಳಸಿದ್ದು ಮನುಷ್ಯನ ತಲೆಗೂದಲನ್ನು. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೊಂದು ಮುಳ್ಳು ಕಟ್ಟಿದರೆ ಆರ್ದ್ರತಾಮಾಪಕ ಸಿದ್ಧ.

ಶುದ್ಧವಾದ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಕರಗಲಾರಂಭಿಸುವುದು ಆರ್ದ್ರತೆ ಸುಮಾರು ನೂರಕ್ಕೆ 75 ಮುಟ್ಟಿದಾಗ. ಸೋಜಿಗದ ಸಂಗತಿಯೆಂದರೆ, ಉಷ್ಣತೆ ಸೊನ್ನೆ ಡಿಗ್ರಿ ಇರಲಿ, 40 ಡಿಗ್ರಿ ಇರಲಿ, ಈ ಅಂಕಿ ಒಂದು ಪಾಯಿಂಟಿನಷ್ಟೂ ಕದಲುವುದಿಲ್ಲ.

ಓದುಗರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪು ಹಾಕಿ ಕೆಲವೇ ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು, ಒದ್ದೆ ಮರಳಿನಂತೆ ಇರಬೇಕು. ಅದನ್ನೂ ಒಂದು ಆರ್ದ್ರತಾಮಾಪಕವನ್ನೂ ಗಾಳಿಯಾಡದ ಡಬ್ಬಿಯೊಳಗಿಟ್ಟು ಮುಚ್ಚಿ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ನೋಡಿದರೆ ಮುಳ್ಳು 75ರ ಹತ್ತಿರ ನಿಂತಿರಬೇಕು. ನಿಂತಿಲ್ಲವಾದರೆ ತಪ್ಪು ಉಪ್ಪಿನದಲ್ಲ, ಮಾಪಕದ್ದು. ಪ್ರಯೋಗಶಾಲೆಗಳಲ್ಲಿ ಮಾಪಕಗಳನ್ನು ಸರಿಪಡಿಸುವ ಹಳೆಯ ವಿಧಾನವೂ ಇದೇ.

ಡಬ್ಬಿಯೊಳಗೆ ಇದು ನಡೆಯುವ ಬಗೆ ಹೀಗೆ. ಗಾಳಿ ಹೆಚ್ಚು ತೇವವಾದರೆ ಒದ್ದೆ ಉಪ್ಪು ಆ ಆವಿಯನ್ನು ಕುಡಿಯುತ್ತದೆ. ಇನ್ನೊಂದಿಷ್ಟು ಹರಳು ಕರಗುತ್ತದೆ. ಗಾಳಿ ಒಣಗಿದರೆ ಉಪ್ಪುನೀರು ಆವಿಯನ್ನು ಬಿಟ್ಟುಕೊಡುತ್ತದೆ. ಒಂದಿಷ್ಟು ಉಪ್ಪು ಮತ್ತೆ ಹರಳಾಗುತ್ತದೆ. ಎರಡು ಸಂದರ್ಭದಲ್ಲೂ ಉಪ್ಪುನೀರಿನ ಸಾಂದ್ರತೆ ಮಾತ್ರ ಬದಲಾಗುವುದಿಲ್ಲ. ಸಾಂದ್ರತೆ ಬದಲಾಗದಿದ್ದರೆ ಅದರ ಮೇಲಿನ ಗಾಳಿಯ ತೇವವೂ ಬದಲಾಗುವುದಿಲ್ಲ. ಚನ್ನಗಿರಿಯ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು ನೆನೆದುಕೊಳ್ಳಿ. ನೀರು ಮಟ್ಟ ಮೀರಿದರೆ ಕೋಡಿ ಹರಿದು ಹೋಗುತ್ತದೆ. ಕೆಳಗೆ ಬೇಕಾದಾಗ ತೂಬು ಎತ್ತಿದರೆ ನೀರು ಬರುತ್ತದೆ. ಒದ್ದೆ ಉಪ್ಪು ತೇವಕ್ಕೆ ಕೋಡಿಯೂ ಹೌದು, ತೂಬೂ ಹೌದು. ಬರೀ ಒಣಗಿಸುವ ವಸ್ತುವಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅದು ತೆಗೆದುಕೊಳ್ಳುವುದನ್ನಷ್ಟೇ ಬಲ್ಲದು, ಇದು ಕೊಡುವುದನ್ನೂ ಬಲ್ಲದು.

ಲಮಾಣಿಗಳ ಎತ್ತು, ಉಪ್ಪಾರರ ಮಡಿ

ಹಾಗಾದರೆ ಅಂಗಡಿಯ ಕಲ್ಲುಪ್ಪು 75 ಮುಟ್ಟುವ ಮೊದಲೇ ಏಕೆ ಬೆವರುತ್ತದೆ? ಉತ್ತರ ತಿಳಿಯಲು ಈ ಸೀಮೆಗೆ ಉಪ್ಪು ಬರುತ್ತಿದ್ದ ಬಗೆಯನ್ನು ನೋಡಬೇಕು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ. ಸಂತ ಸೇವಾಲಾಲರು 1739ರಲ್ಲಿ ಇಲ್ಲಿ ಜನಿಸಿದರೆಂಬುದು ಆ ಸಮುದಾಯದ ಶ್ರದ್ಧೆ. ರೈಲು, ಲಾರಿಗಳಿಲ್ಲದ ಕಾಲದಲ್ಲಿ ಕರಾವಳಿಯ ಉಪ್ಪನ್ನು ಎತ್ತಿನ ಬೆನ್ನಿನ ಮೇಲೆ ಹೇರಿ ಘಟ್ಟ ಹತ್ತಿಸಿ ಒಳನಾಡಿಗೆ ಮುಟ್ಟಿಸುತ್ತಿದ್ದವರಲ್ಲಿ ಬಂಜಾರರೇ ಪ್ರಮುಖರು. ಹಿಂದಿರುಗುವಾಗ ದವಸ ಧಾನ್ಯ ಹೇರಿಕೊಂಡು ಹೋಗುತ್ತಿದ್ದರು. ಲಂಬಾಣಿ, ಲಮಾಣಿ ಎಂಬ ಹೆಸರುಗಳು ಸಂಸ್ಕೃತದ ‘ಲವಣ’ ಶಬ್ದದಿಂದಲೇ ಬಂದವೆಂದು ಹೇಳುವ ವಿದ್ವಾಂಸರಿದ್ದಾರೆ. ಹೀಗೆ ಒಂದು ಜನಸಮುದಾಯದ ಹೆಸರಿನಲ್ಲೇ ಉಪ್ಪು ಉಳಿದಿದೆ.

ಕರಾವಳಿಯ ಉಪ್ಪು ತುಟ್ಟಿಯಾದೆಡೆ ಒಳನಾಡಿನವರು ಮಣ್ಣಿನಿಂದಲೇ ಉಪ್ಪು ತೆಗೆಯುತ್ತಿದ್ದರು. ಅದೇ ಉಪ್ಪಾರರ ಕುಲಕಸುಬು. ಬೇಸಿಗೆಯಲ್ಲಿ ಚೌಳು ನೆಲದ ಮೇಲ್ಮಣ್ಣನ್ನು ಕೆರೆದು ಗುಡ್ಡೆ ಹಾಕುವುದು, ಅದನ್ನು ಎತ್ತರದ ತೊಟ್ಟಿಗೆ ತುಂಬಿ ನೀರು ಹಾಯಿಸುವುದು, ಕೆಳಗೆ ಬಸಿದ ಉಪ್ಪುನೀರನ್ನು ಗಚ್ಚಿನ ಮಡಿಗಳಲ್ಲಿ ಬಿಸಿಲಿಗೆ ಒಣಗಿಸುವುದು: ಇಷ್ಟು ಅದರ ಕ್ರಮ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂಥ ಉಪ್ಪಿನ ತಯಾರಿಕೆಯನ್ನು ಕಂಡು ಬರೆದಿಟ್ಟಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಪ್ರಕಟವಾಯಿತು.

ಕಡಲಿನ ಉಪ್ಪೇ ಆಗಲಿ ಮಣ್ಣಿನ ಉಪ್ಪೇ ಆಗಲಿ, ಅದರಲ್ಲಿ ಸೋಡಿಯಂ ಕ್ಲೋರೈಡ್ ಒಂದೇ ಇರುವುದಿಲ್ಲ. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಲವಣಗಳು ಬೆರೆತಿರುತ್ತವೆ. ಮೆಗ್ನೀಸಿಯಂ ಕ್ಲೋರೈಡಿನ ಗೆರೆ ಇರುವುದು ಬರೀ 33ರಲ್ಲಿ. ಹಾಗಾಗಿ ಬಹುತೇಕ ವರ್ಷವಿಡೀ ಅದು ನೀರು ಹೀರುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ಎರಡು ಲವಣಗಳು ಬೆರೆತರೆ ಆ ಮಿಶ್ರಣ ಒದ್ದೆಯಾಗತೊಡಗುವ ಗೆರೆ ಎರಡಕ್ಕಿಂತಲೂ ಕೆಳಗಿಳಿಯುತ್ತದೆ. ಭರಣಿಯ ತಳದಲ್ಲಿ ನಿಲ್ಲುವ ಕಹಿ ನೀರಿನಲ್ಲಿ ಹೆಚ್ಚಾಗಿರುವುದು ಈ ಕಲಬೆರಕೆ ಲವಣಗಳೇ. ತಳದಲ್ಲಿ ನೀರು ಬಸಿಯುವ ಬುಟ್ಟಿಯಲ್ಲಿ ಉಪ್ಪು ಇಡುವುದರ ಪ್ರಯೋಜನ ಇಲ್ಲಿದೆ: ಮೊದಲು ಕರಗುವ ಕಹಿ ಭಾಗ ಬಸಿದುಹೋಗಿ ಬುಟ್ಟಿಯಲ್ಲಿ ಉಳಿಯುವುದು ಹೆಚ್ಚು ಶುದ್ಧವಾದ ಉಪ್ಪು.

ಮದ್ದಿನ ಮನೆಯ ಪಾಠ

ಅಡುಗೆಮನೆಯಲ್ಲಿ ಉಪ್ಪು ನೀರಾದರೆ ನಷ್ಟ ಅಲ್ಪ. ಕೋಟೆಯ ಮದ್ದಿನ ಮನೆಯಲ್ಲಿ ಹಾಗಾದರೆ ರಾಜ್ಯವೇ ಹೋದೀತು. ಕೋವಿಮದ್ದಿನ ಮುಖ್ಯ ಪದಾರ್ಥ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಅದೂ ಒಂದು ಲವಣವೇ. ದನದ ಕೊಟ್ಟಿಗೆ, ಹಳೆಯ ಗೋಡೆಗಳ ಬುಡದ ಮಣ್ಣನ್ನು ತೊಳೆದು ಅದನ್ನು ಪಡೆಯುತ್ತಿದ್ದರು. ಆದರೆ ಆ ಮಣ್ಣಿನಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಲ್ಸಿಯಂ ನೈಟ್ರೇಟ್. ಅದರ ಗೆರೆ ಸುಮಾರು 50. ಮಳೆಗಾಲವಿರಲಿ, ಸಾಧಾರಣ ಹವೆಯಲ್ಲೇ ಅದು ಅಂಟಂಟಾಗುತ್ತದೆ, ಮದ್ದು ಹೊತ್ತಿಕೊಳ್ಳುವುದಿಲ್ಲ.

ಇದಕ್ಕೆ ಪೆಟ್ಲುಪ್ಪು ತಯಾರಿಸುವವರು ಕಂಡುಕೊಂಡಿದ್ದ ಉಪಾಯ ಕಟ್ಟಿಗೆಯ ಬೂದಿ. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಸುಣ್ಣದ ಅಂಶವನ್ನು ತಳಕ್ಕಿಳಿಸಿ, ನೈಟ್ರೇಟನ್ನು ಪೊಟ್ಯಾಸಿಯಮ್ಮಿನ ಜತೆ ಕೂಡಿಸುತ್ತದೆ. ಹೀಗೆ ಹುಟ್ಟಿದ ಪೊಟ್ಯಾಸಿಯಂ ನೈಟ್ರೇಟಿನ ಗೆರೆ 90ಕ್ಕೂ ಮೇಲೆ. ಎಂದರೆ ಒಂದು ಹಿಡಿ ಬೂದಿಯಿಂದ 50ರ ಗೆರೆಯ ಲವಣ 90 ದಾಟಿದ ಗೆರೆಯ ಲವಣವಾಯಿತು. ರಸಾಯನ ಶಾಸ್ತ್ರದ ಹೆಸರು ಕೇಳದವರು ಬೇಕಾದ ತೇವಕ್ಕೆ ಬೇಕಾದ ಲವಣವನ್ನು ತಾವೇ ಮಾಡಿಕೊಂಡಿದ್ದರು.

ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದವೆಂದು ಹೇಳುವ ಭಾರಿ ಬೀಸುವ ಕಲ್ಲುಗಳು ಇಂದಿಗೂ ಇವೆ. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ನಾಯಕರ ರಾಜಧಾನಿಯಾಗಿದ್ದ ಆ ಕೋಟೆಗೆ ಜಗಳೂರು ದೂರವೇನಲ್ಲ. ಇತ್ತ ಹಳೆಯ ಶಿವಮೊಗ್ಗ ಸೀಮೆಯ ನಗರ ಕೋಟೆಯಲ್ಲಿ, ಈಗಿನ ಹೊಸನಗರ ತಾಲ್ಲೂಕಿನಲ್ಲಿ, 2018ರಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಹದಿನೆಂಟನೆಯ ಶತಮಾನದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಇತ್ತು. ರಾಜ್ಯದಲ್ಲೇ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಅಲ್ಲಿ ಮದ್ದನ್ನು ಒಣಗಿಸಿಡುವುದು ಎಂಥ ಕೆಲಸವಾಗಿದ್ದಿರಬೇಕೆಂದು ಊಹಿಸಬಹುದು.

ಮುದ್ರಣಾಲಯದಿಂದ ಉಪ್ಪಿನ ಗಣಿಗೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಅನುಭವಕ್ಕೆ ಶಾಸ್ತ್ರದ ತಳಹದಿ ಸಿಕ್ಕಿತು. ನೀರಿನಲ್ಲಿ ಏನಾದರೂ ಕರಗಿದ್ದರೆ ಅದು ಬಿಡುವ ಆವಿ ಕಡಿಮೆಯಾಗುತ್ತದೆ ಎಂಬುದನ್ನು ಫ್ರಾನ್ಸಿನ ರೌಲ್ಟ್ 1880ರ ದಶಕದಲ್ಲಿ ನಿಯಮವಾಗಿ ಹೇಳಿದ. ಆ ಮೇಲೆ ಒಂದೊಂದು ಲವಣದ ಗೆರೆಯನ್ನೂ ಅಳೆಯುವ ಕೆಲಸ ನಡೆಯಿತು. 1977ರಲ್ಲಿ ಅಮೆರಿಕದ ಗ್ರೀನ್‌ಸ್ಪಾನ್ 28 ಲವಣಗಳ ಅಳತೆಗಳನ್ನು ಪರಿಶೀಲಿಸಿ ಒಂದೆಡೆ ಸೇರಿಸಿದ. 25 ಡಿಗ್ರಿ ಉಷ್ಣತೆಯಲ್ಲಿ ಲಿಥಿಯಂ ಕ್ಲೋರೈಡ್ 11, ಮೆಗ್ನೀಸಿಯಂ ಕ್ಲೋರೈಡ್ 33, ಪೊಟ್ಯಾಸಿಯಂ ಕಾರ್ಬೊನೇಟ್ 43, ಮೆಗ್ನೀಸಿಯಂ ನೈಟ್ರೇಟ್ 53, ಅಡುಗೆ ಉಪ್ಪು 75, ಪೊಟ್ಯಾಸಿಯಂ ಕ್ಲೋರೈಡ್ 84, ಪೊಟ್ಯಾಸಿಯಂ ಸಲ್ಫೇಟ್ 97. ಏಣಿಯ ಮೆಟ್ಟಿಲುಗಳಂತೆ ಇವು ಒಂದರ ಮೇಲೊಂದು ನಿಂತಿವೆ. ಬೇಕಾದ ಮೆಟ್ಟಿಲನ್ನು ಆರಿಸಿಕೊಳ್ಳುವುದೊಂದೇ ಬಾಕಿ.

ತೇವವನ್ನು ಹತೋಟಿಗೆ ತರಬೇಕೆಂಬ ಒತ್ತಡ ಮೊದಲು ಬಲವಾಗಿ ಬಂದದ್ದು ಪತ್ರಿಕೆ ಓದುವವರಿಗೆ ಹತ್ತಿರವಾದ ಜಾಗದಿಂದಲೇ, ಅಚ್ಚುಕೂಟದಿಂದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದರಲ್ಲಿ ಬಣ್ಣದ ಅಚ್ಚು ಕೆಡುತ್ತಿತ್ತು. ಒಂದೊಂದು ಬಣ್ಣವನ್ನೂ ಬೇರೆ ಬೇರೆ ಸಲ ಒತ್ತಬೇಕು. ನಡುವೆ ಹವೆ ಬದಲಾದರೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಇದನ್ನು ಬಗೆಹರಿಸಲು ಬಂದ 25 ವರ್ಷದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಆರಂಭದಲ್ಲಿ ಪ್ರಯೋಗಿಸಿದ್ದು ಲವಣವನ್ನೇ. ಕ್ಯಾಲ್ಸಿಯಂ ಕ್ಲೋರೈಡಿನ ನೀರಿನಲ್ಲಿ ಗೋಣಿಬಟ್ಟೆ ನೆನೆಸಿ ಅದರ ಮೂಲಕ ಗಾಳಿ ಹಾಯಿಸಿದ. ಗಾಳಿ ಒಣಗಿತು. ಆದರೆ ಉಪ್ಪಿನಂಶವೂ ಗಾಳಿಯ ಜತೆ ಬಂದರೆ ಯಂತ್ರಕ್ಕೆ ತುಕ್ಕು, ಕಾಗದಕ್ಕೆ ಕೇಡು. ಕೊನೆಗೆ ಅವನು ತಣ್ಣೀರಿನ ಕೊಳವೆಗಳ ದಾರಿ ಹಿಡಿದು ಒಳಗಿನ ಆರ್ದ್ರತೆಯನ್ನು 55ಕ್ಕೆ ನಿಲ್ಲಿಸಲು ಹೊರಟ. ಇಂದಿನ ಹವಾನಿಯಂತ್ರಣ ಯಂತ್ರ ಹುಟ್ಟಿದ್ದು ಹೀಗೆ. ಸೆಕೆ ಕಳೆಯಲು ಅಲ್ಲ, ಕಾಗದ ಕಾಯಲು.

ಹವೆಯ ಸ್ಥಿರತೆ ಎಷ್ಟು ಮುಖ್ಯ ಎಂಬುದನ್ನು ಜಗತ್ತಿಗೆ ಮನಗಾಣಿಸಿದ್ದು ಎರಡನೆಯ ಮಹಾಯುದ್ಧ. ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ವರ್ಣಚಿತ್ರಗಳನ್ನು ಬಾಂಬಿನಿಂದ ಕಾಪಾಡಲು 1941ರಲ್ಲಿ ವೇಲ್ಸಿನ ಮ್ಯಾನಡ್ ಎಂಬಲ್ಲಿ ಬೆಟ್ಟದೊಳಗಿನ ಕಲ್ಲುಗಣಿಗೆ ಸಾಗಿಸಿತು. ಅಲ್ಲಿ ವರ್ಷವಿಡೀ ಉಷ್ಣತೆ 17 ಡಿಗ್ರಿ, ಆರ್ದ್ರತೆ 42ರಲ್ಲಿ ಇರುವಂತೆ ನೋಡಿಕೊಂಡರು. ಲಂಡನ್ನಿನಲ್ಲಿ ಪ್ರತಿ ಚಳಿಗಾಲದಲ್ಲೂ ಬಣ್ಣ ಸಿಪ್ಪೆಯೇಳುತ್ತಿದ್ದ ಚಿತ್ರಗಳು ಗಣಿಯೊಳಗೆ ಸುಮ್ಮನಿದ್ದವು. ರಿಪೇರಿ ಕೆಲಸವೇ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಚಿತ್ರಗಳನ್ನು ಕೆಡಿಸುತ್ತಿದ್ದದ್ದು ವಯಸ್ಸಲ್ಲ, ಹವೆಯ ಏರಿಳಿತ ಎಂಬುದು ಆಗ ಸ್ಪಷ್ಟವಾಯಿತು.

ಅತ್ತ ಆಸ್ಟ್ರಿಯದ ಆಲ್ಟೌಸೆ ಎಂಬಲ್ಲಿ ನಾಜಿಗಳು ಯುರೋಪಿನಿಂದ ದೋಚಿದ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಉಪ್ಪಿನ ಗಣಿಯೊಳಗೆ ಬಚ್ಚಿಟ್ಟಿದ್ದರು. ಘೆಂಟ್ ನಗರದ ಪ್ರಸಿದ್ಧ ಪೀಠಚಿತ್ರ ಅದರಲ್ಲಿತ್ತು. ಮೈಕೆಲೆಂಜಲೊ ಕಡೆದ ಮಡೋನ್ನ ವಿಗ್ರಹವೂ ಇತ್ತು. 1945ರಲ್ಲಿ ಗಣಿಯನ್ನೇ ಸಿಡಿಸಲು ಇಟ್ಟಿದ್ದ ಬಾಂಬುಗಳನ್ನು ಅಲ್ಲಿನ ಗಣಿಗಾರರು ಹೊರಸಾಗಿಸಿದರು. ಉಪ್ಪಿನ ಗೋಡೆಗಳ ನಡುವಿನ ಗಾಳಿ 75ರ ಗೆರೆಯನ್ನು ಸುಲಭವಾಗಿ ದಾಟಲಾರದು; ದಾಟಲು ಹೊರಟ ಆವಿಯನ್ನು ಗೋಡೆಯೇ ಕುಡಿಯುತ್ತದೆ. ಗಣಿಗಾರರ ಕೈಗಳು ಉಳಿಸಿದ ಆ ಕಲಾಕೃತಿಗಳನ್ನು ಅದುವರೆಗೆ ಕಾದದ್ದು ಅದೇ ಉಪ್ಪಿನ ಗಣಿ.

ನಮ್ಮ ಹಗೇವು, ನಮ್ಮ ಕಟ್ಟು

ಮುಚ್ಚಿದ ಜಾಗದ ಹವೆಯನ್ನು ಕಾಯುವ ವಿದ್ಯೆ ನಮ್ಮಲ್ಲೂ ಇತ್ತು. ಈ ಸೀಮೆಯ ಹಗೇವನ್ನೇ ನೋಡಿ. ನೀರು ನಿಲ್ಲದ ಎತ್ತರದ ಗರಸು ನೆಲದಲ್ಲಿ ಗಡಿಗೆಯಾಕಾರದ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳುಗಳ ಉಸಿರಾಟದಿಂದ ಒಳಗಿನ ಆಮ್ಲಜನಕ ತೀರಿ ಹುಳು ಸಾಯುತ್ತಿತ್ತು. ತೆಗೆಯುವಾಗ ಬಾಯಿ ತೆರೆದು ಕಾದು, ದೀಪ ಇಳಿಸಿ ನೋಡಿದ ಮೇಲೆಯೇ ಮನುಷ್ಯರು ಇಳಿಯುತ್ತಿದ್ದರು. ಇಲ್ಲಿ ತೇವ ಕಾಯುತ್ತಿದ್ದದ್ದು ಬೇರೆ ಯಾವ ಪದಾರ್ಥವೂ ಅಲ್ಲ, ಕಾಳೇ. ನೂರಕ್ಕೆ ಹನ್ನೆರಡು ಹದಿಮೂರರಷ್ಟು ತೇವಾಂಶಕ್ಕೆ ಒಣಗಿದ ಕಾಳಿನ ರಾಶಿ ತನ್ನ ಸುತ್ತಲ ಗಾಳಿಯನ್ನು ಬೂಷ್ಟಿನ ಗೆರೆಯ ಕೆಳಗೆ ಹಿಡಿದಿಡುತ್ತದೆ. ಅರೆಬರೆ ಒಣಗಿದ ಕಾಳು ತುಂಬಿದರೆ ಅದೇ ಹಗೇವು ಬೂಷ್ಟಿನ ಗೂಡಾಗುತ್ತದೆ. ಇಂದು ಮೆಕ್ಕೆಜೋಳವನ್ನು ಚೀಲದಲ್ಲಿ ತುಂಬಿಡುವ ರೈತರಿಗೂ ಈ ಮಾತು ಅನ್ವಯಿಸುತ್ತದೆ.

ತಾಳೆಗರಿಯ ಗ್ರಂಥಗಳ ವಿಷಯವೂ ಹೀಗೆಯೇ. ಕಂಠದಿಂದ ಕೊರೆದು ಮಸಿ ತೀಡಿದ ಗರಿಗಳನ್ನು ಎರಡು ಮರದ ಹಲಗೆಗಳ ನಡುವೆ ಬಿಗಿದು, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಡುವುದು ವಾಡಿಕೆ. ಮರ, ಬಟ್ಟೆ, ಗರಿ ಮೂರೂ ತೇವವನ್ನು ಕುಡಿದು ಬಿಡುವ ವಸ್ತುಗಳು. ಹೊರಗಿನ ಹವೆ ದಿನಕ್ಕೆ ಹತ್ತು ಸಲ ಬದಲಾದರೂ ಕಟ್ಟಿನ ನಡುವಿನ ಗರಿಗೆ ಆ ಸುದ್ದಿ ಮುಟ್ಟುವುದು ನಿಧಾನವಾಗಿ, ಸೌಮ್ಯವಾಗಿ. ಮೂಡುಬಿದಿರೆಯ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿ ಗ್ರಂಥಗಳು ಕಡಲ ತೇವದ ನಡುವೆ ಎಂಟು ಶತಮಾನಗಳನ್ನು ದಾಟಿ ಬಂದದ್ದು ಇಂಥ ಕಟ್ಟು ಪೆಟ್ಟಿಗೆಗಳೊಳಗೇ. ಜೈನರು ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ ಆಚರಿಸಿ ಗ್ರಂಥಗಳನ್ನು ಹೊರತೆಗೆದು, ಒರೆಸಿ, ಹೊಸ ಬಟ್ಟೆ ಸುತ್ತುತ್ತಾರೆ. ನವರಾತ್ರಿಯ ಸರಸ್ವತಿ ಪೂಜೆಗೆ ಮನೆಮನೆಗಳಲ್ಲಿ ಪುಸ್ತಕಗಳು ಹೊರಬರುತ್ತವೆ. ಒಂದು ಮಳೆ ಬಲಿಯುವ ಮುನ್ನ, ಇನ್ನೊಂದು ಮಳೆ ಇಳಿಯುವಾಗ. ಹಬ್ಬದ ದಿನ ಗ್ರಂಥಕ್ಕೂ ಒಂದು ತಪಾಸಣೆ ಆದಂತಾಯಿತು.

ಒಳನಾಡಿನ ಮನೆಗಳಲ್ಲಿ ಇನ್ನೊಂದು ರಕ್ಷಣೆ ಇತ್ತು: ಒಲೆಯ ಮೇಲಿನ ಅಟ್ಟ. ಕೆಳಗಿನ ಬಿಸಿ ಮತ್ತು ಹೊಗೆ ಮಳೆಗಾಲದಲ್ಲೂ ಅಟ್ಟವನ್ನು ಬೆಚ್ಚಗಿಡುತ್ತಿದ್ದವು. ಗರಿಕಟ್ಟುಗಳು, ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತಗಳು ಅಲ್ಲೇ ಕೂತಿರುತ್ತಿದ್ದವು. (ಇಂದು ಸರ್ಕಾರಿ ಕಚೇರಿಗಳಲ್ಲಿ ಬಳಸುವ ‘ಕಡತ’ ಎಂಬ ಮಾತು ಬಂದದ್ದು ಈ ಬಟ್ಟೆಯ ಪುಸ್ತಕದಿಂದಲೇ.) ಈಗ ಸೌದೆ ಒಲೆ ಹೋಗಿ ಗ್ಯಾಸ್ ಬಂದಿದೆ. ಅಟ್ಟ ಹೋಗಿ ಸಿಮೆಂಟಿನ ತಾರಸಿ ಬಂದಿದೆ. ಅಜ್ಜನ ಕಟ್ಟನ್ನು ಕಾಳಜಿಯಿಂದಲೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೊರಗೋಡೆಗೆ ಒರಗಿದ ಕಬ್ಬಿಣದ ಬೀರುವಿನಲ್ಲಿ ಇಡುತ್ತಾರೆ. ಮಳೆಗಾಲದಲ್ಲಿ ಹಿಡಿದ ತೇವ ಚೀಲದೊಳಗೇ ಸಿಕ್ಕಿಕೊಂಡು ಬೂಷ್ಟು ಬೆಳೆಯುತ್ತದೆ. ತೆರೆದಿಟ್ಟರೆ ಬೇಸಿಗೆಯಲ್ಲಿ ಗರಿ ಒಣಗಿ ಮುಟ್ಟಿದರೆ ಮುರಿಯುತ್ತದೆ. ಮುನ್ನೂರು ವರ್ಷ ಬಾಳಿದ ಕಟ್ಟು ಮೂರು ಮಳೆಗಾಲದಲ್ಲಿ ಹಾಳಾಗಲು ಇಷ್ಟು ಸಾಕು. 2003ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಗ್ರಂಥಗಳನ್ನು ಪಟ್ಟಿ ಮಾಡುವ ಮತ್ತು ಸಂರಕ್ಷಿಸುವ ಕೆಲಸ ಕೈಗೊಂಡಿತು. ಆದರೂ ಮನೆಯ ಬೀರುವಿನಲ್ಲಿರುವುದನ್ನು ಕಾಯಬೇಕಾದವರು ಮನೆಯವರೇ.

ಪೆಟ್ಟಿಗೆಗೆ ತಕ್ಕ ಲವಣ

ಹಾಗಾದರೆ ಪೆಟ್ಟಿಗೆಯಲ್ಲಿ ಒಂದು ಬಟ್ಟಲು ಒದ್ದೆ ಉಪ್ಪು ಇಟ್ಟರೆ ಸಾಲದೇ? ಸಾಲದು. ಸಾಲದು ಎನ್ನುವುದಕ್ಕಿಂತ, ಅದು ಅಪಾಯ. ಅಡುಗೆ ಉಪ್ಪು ಪೆಟ್ಟಿಗೆಯ ಹವೆಯನ್ನು 75ಕ್ಕೆ ತಂದು ನಿಲ್ಲಿಸುತ್ತದೆ. ಆರ್ದ್ರತೆ 70 ಮೀರಿದರೆ ಬೂಷ್ಟು ಬೆಳೆಯಲು ಹದವಾಗುತ್ತದೆ. ಗರಿ, ಕಾಗದಗಳಿಗೆ ಹಿತವಾದದ್ದು 45ರಿಂದ 60ರ ನಡುವೆ. ನಮಗೆ ಅತ್ಯಂತ ಪರಿಚಿತವಾದ ಉಪ್ಪೇ ಈ ಕೆಲಸಕ್ಕೆ ಒಗ್ಗದ ಉಪ್ಪು. ಏಣಿಯಲ್ಲಿ ಸರಿಯಾದ ಮೆಟ್ಟಿಲು ಹುಡುಕಬೇಕೆನ್ನುವುದು ಇದಕ್ಕಾಗಿ.

ಮೆಟ್ಟಿಲು ಸಿಕ್ಕರೂ ತೊಡಕು ತೀರುವುದಿಲ್ಲ. ಮೆಗ್ನೀಸಿಯಂ ನೈಟ್ರೇಟ್ 53ರಲ್ಲಿ ನಿಲ್ಲುವುದೇನೋ ನಿಜ, ಆದರೆ ಅದು ಬೆಂಕಿಯನ್ನು ಉರಿಸಬಲ್ಲ ಲವಣ. ಪೊಟ್ಯಾಸಿಯಂ ಕಾರ್ಬೊನೇಟ್ ತೀಕ್ಷ್ಣ ಕ್ಷಾರ. ಇನ್ನು ಲವಣದ ನೀರಿಗೆ ತೆವಳುವ ದುರ್ಗುಣವಿದೆ. ಬಟ್ಟಲಿನ ಅಂಚಿನಲ್ಲಿ ಹರಳುಗಟ್ಟುತ್ತಾ, ಆ ಹರಳಿನ ಸಂದಿನಲ್ಲೇ ಮೇಲೇರುತ್ತಾ, ಕೊನೆಗೆ ಹೊರಗಿಳಿದು ಸುತ್ತಲಿನದನ್ನೆಲ್ಲ ಹಾಳುಮಾಡುತ್ತದೆ. ಕ್ಯಾರಿಯರ್ ಉಪ್ಪನ್ನು ಕೈಬಿಟ್ಟದ್ದು ಇಂಥ ತೊಂದರೆಗಳಿಗಾಗಿಯೇ.

ಲವಣಾಧಾರಿತ ವಸ್ತುಗಳನ್ನು ರೂಪಿಸುವವರ ಜಾಣ್ಮೆಯೆಲ್ಲ ಇಲ್ಲಿ ಖರ್ಚಾಗಿದೆ. ಒಂದು ದಾರಿ, ಲವಣದ ನೀರನ್ನು ಲೋಳೆಯಂತೆ ದಪ್ಪ ಮಾಡಿ, ಆವಿಯನ್ನು ಬಿಟ್ಟು ದ್ರವವನ್ನು ಬಿಡದ ಪೊರೆಯ ಚೀಲದಲ್ಲಿ ಮುಚ್ಚುವುದು. 1990ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಇಂಥ ಪುಟ್ಟ ಚೀಲಗಳು ಈಗ ಸಿಗಾರ್ ಪೆಟ್ಟಿಗೆ, ಗಿಟಾರು ಪಿಟೀಲುಗಳ ಪೆಟ್ಟಿಗೆಗಳಲ್ಲಿವೆ. ವೀಣೆಯ ಹಲಸಿನ ಮರ ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಇನ್ನೊಂದು ದಾರಿ, ಸೂಕ್ಷ್ಮ ರಂಧ್ರಗಳ ವಸ್ತುವಿನೊಳಗೆ ಲವಣವನ್ನು ತುಂಬುವುದು. 1919ರಲ್ಲಿ ವಾಲ್ಟರ್ ಪ್ಯಾಟ್ರಿಕ್ ಪೇಟೆಂಟ್ ಪಡೆದ ಸಿಲಿಕಾ ಜೆಲ್, ಹೊಸ ಚಪ್ಪಲಿಯ ಡಬ್ಬಿಯಲ್ಲಿ ನಾವು ಕಾಣುವ ಅದೇ ಹರಳು, ಇದಕ್ಕೆ ಒಳ್ಳೆಯ ಮನೆ. ರಷ್ಯದ ಯೂರಿ ಅರಿಸ್ತೊವ್ 1990ರ ದಶಕದಲ್ಲಿ ಅದರ ರಂಧ್ರಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಬರೀ ಜೆಲ್‌ಗಿಂತ ಬಹಳ ಹೆಚ್ಚು ನೀರು ಹಿಡಿಯುವ ವಸ್ತುಗಳನ್ನು ರೂಪಿಸಿದ. ಮೂರನೆಯ ದಾರಿ ಎರಡು ಮೂರು ಲವಣಗಳನ್ನು ಬೆರೆಸಿ ಬೇಕಾದಲ್ಲಿಗೆ ಗೆರೆಯನ್ನು ಇಳಿಸುವುದು. ಉಪ್ಪಾರರ ಮಡಿಯಲ್ಲಿ ದೋಷವಾಗಿದ್ದ ಕಲಬೆರಕೆ ಪ್ರಯೋಗಶಾಲೆಯಲ್ಲಿ ಉಪಾಯವಾಯಿತು.

ಸಿಲಿಕಾ ಜೆಲ್ಲನ್ನು ಬೇಕಾದ ಆರ್ದ್ರತೆಗೆ ಮೊದಲೇ ಹದಮಾಡಿ ಗಾಜಿನ ಕಪಾಟುಗಳಲ್ಲಿ ಇಡುವ ಪದ್ಧತಿ ವಸ್ತುಸಂಗ್ರಹಾಲಯಗಳಲ್ಲಿ ಬೇರೂರಿದೆ. ಸಂಸತ್ತಿನ ಗ್ರಂಥಾಲಯದ ವಶದಲ್ಲಿರುವ ನಮ್ಮ ಸಂವಿಧಾನದ ಮೂಲ ಪ್ರತಿಗಳಿಗಾಗಿ ನೈಟ್ರೋಜನ್ ತುಂಬಿದ ವಿಶೇಷ ಪೆಟ್ಟಿಗೆಗಳನ್ನು 1994ರಲ್ಲಿ ಅಳವಡಿಸಲಾಯಿತು. ಎಲ್ಲದರ ಹಿಂದಿನ ತತ್ವ ಒಂದೇ. ಮುಚ್ಚಿದ ಜಾಗದಲ್ಲಿ ಹವೆ ಕದಲಬಾರದು.

ಸಾಮಾನ್ಯ ಮನೆಗೆ ಇಷ್ಟೆಲ್ಲ ಬೇಕಿಲ್ಲ. ಕಟ್ಟನ್ನು ಪ್ಲಾಸ್ಟಿಕ್‌ನಿಂದ ಬಿಡಿಸಿ ಒಗೆದೊಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಮರದ ಪೆಟ್ಟಿಗೆಯಲ್ಲಿ ಹಾಕಿ, ಹೊರಗೋಡೆಗೂ ಬಚ್ಚಲ ಗೋಡೆಗೂ ತಾಗದಂತೆ ನಡುಮನೆಯಲ್ಲಿ ಇಡಬೇಕು. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ, ಬಿಸಿಲಿಗೆ ಒಡ್ಡದೆ ನೆರಳಲ್ಲಿ ಬಿಚ್ಚಿ ನೋಡಬೇಕು. ಬಟ್ಟಲಿನಲ್ಲಿ ಲವಣವಿಡುವ ಪ್ರಯೋಗಕ್ಕೆ ಮನೆಯಲ್ಲಿ ಕೈಹಾಕದಿರುವುದೇ ಲೇಸು.

ಆದರೆ ಅಡುಗೆಮನೆಯ ಭರಣಿಯ ಕಡೆಗೆ ಒಂದು ಕಣ್ಣಿರಲಿ. ಒಳ್ಳೆಯ ಪುಡಿ ಉಪ್ಪು ಒದ್ದೆಯಾಗಿ ಗಂಟು ಕಟ್ಟತೊಡಗಿತೆಂದರೆ ಮನೆಯೊಳಗಿನ ಹವೆ 75ನ್ನು ಮುಟ್ಟುತ್ತಿದೆ ಎಂದರ್ಥ. ಬೂಷ್ಟಿಗೆ ಆಗಲೇ ಹದ ಬಂದಿದೆ. ಬೀರುವಿನಲ್ಲಿರುವ ಅಜ್ಜನ ಕಟ್ಟನ್ನು ನೋಡಬೇಕಾದ ದಿನ ಅದೇ. ಚನ್ನಗಿರಿಯಲ್ಲಿ ಆ ದಿನ ವರ್ಷದಲ್ಲಿ ಹಲವು ಸಲ ಬಂದೀತು, ಜಗಳೂರಿನಲ್ಲಿ ಅಪರೂಪಕ್ಕೆ ಬಂದೀತು. ಆದರೆ ಉಪ್ಪು ಎರಡೂ ಊರಿನಲ್ಲಿ ಅದೇ ಗೆರೆಯಲ್ಲಿ ನಿಂತೇ ಹೇಳುತ್ತದೆ.